ಕೋಳಿಗೊಬ್ಬರ ಖಲಾಸ್

ತಪ್ಪು ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಹೇಳುತ್ತ ಹೇಳುತ್ತ ಒಬ್ಬೊಬ್ಬರ ದನಿ ತೆಗೆದು ನಿಮ್ಮನ್ನು ನಗಿಸಿ, ಕೊನೆಗೆ ಎಲ್ಲದಕ್ಕೂ ಟ್ರ್ಯಾಕ್ಟರೇ ಕಾರಣ ಎಂದು ನಂಬಿಸಿಬಿಡುವ ಚಾಳಿ ನನಗುಂಟು. ನಮ್ಮ ಎಂಜಿನಿಯರ್ ಸಾಹೇಬರ ದನಿಯಲ್ಲಿ ಒಂದು ವಾಯ್ಸ್ ಮೆಸೇಜು ಕಳಿಸಿದೆ. ಅದನ್ನು ಕೇಳಿದ ಟ್ರ್ಯಾಕ್ಟರ್ ಡ್ರೈವರ್ ಕಾಕ, ಮುಟ್ಟಲೇಬಾರದಿದ್ದ ಹಸಿ ಕೋಳಿಗೊಬ್ಬರವನ್ನು ಎಳೆ ಬಾರ್ಲಿಯ ಮೇಲೆ ಹರಡಿ, ಮೇಲಿಂದ ನೀರನ್ನೂ ಬಿಟ್ಟರು. ನಾನು ಹೇಳಿದ್ದು ಹಾಕಬೇಡಿ ಎಂದು. ಅವರು ತಿಳಿದದ್ದು ಪೂರ್ತಿ ಹಾಕಿ ಎಂದು. ನಡುವೆ ಇದ್ದದ್ದು ಒಂದೇ ಪದ.

ಮಿಮಿಕ್ರಿ ನನ್ನ ಕೆಲಸವಲ್ಲ, ಕಾಯಿಲೆ. ಕೆಲಸವೆಂದರೆ ಕುವೈತಿನ ಅರ್ದಿಯಾದಲ್ಲಿರುವ ನಮ್ಮ ಕಂಪನಿಯ ಗೋದಾಮಿನಿಂದ ಪೈಪು, ಬೀಜ, ಗೊಬ್ಬರಗಳನ್ನು ಸೈಟಿಗೆ ಮುಟ್ಟಿಸುವುದು, ಅಲ್ಲಿ ಸಾಹೇಬರು ಹೇಳಿದ ಹಾಗೆ ಕೇಳುವುದು. ಅರಬ್ಬಿಯನ್ನೂ ನಾನು ಈ ಕಾಯಿಲೆಯಿಂದಲೇ ಕಲಿತೆ. ವ್ಯಾಕರಣ ಗೊತ್ತಿಲ್ಲ, ಬಕಾಲ ಎಂಬ ಕಿರಾಣಿ ಅಂಗಡಿಯವನ ಹಾಗೆ, ಚೆಕ್‌ಪೋಸ್ಟಿನ ಪೊಲೀಸನ ಹಾಗೆ ಮಾತಾಡಿದರೆ ಕೆಲಸ ಆಗಿಬಿಡುತ್ತದೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಅಮ್ಮನಿಗೂ ಸ್ವಲ್ಪ ಯೋಚಿಸಬೇಕಾಗುತ್ತದೆ.

ಸೈಟು ಇದ್ದದ್ದು ದಕ್ಷಿಣದ ಮರಳುಗಾಡಿನಲ್ಲಿ, ಮೀನಾ ಅಬ್ದುಲ್ಲಾದ ರಿಫೈನರಿ ಹಿಂದೆ ಬಿದ್ದು ಬಹಳ ಹೊತ್ತಾದ ಮೇಲೆ ಸಿಗುವ ಒಂದು ಬೇಲಿಯೊಳಗೆ. ಅದರ ಮಾಲೀಕರು ಸಲ್ವಾದಲ್ಲಿ ವಾಸವಿದ್ದ ವಯಸ್ಸಾದ ಕುವೈತಿ. ನಾವೆಲ್ಲ ಅವರನ್ನು ಬಾಬಾ ಎನ್ನುತ್ತಿದ್ದೆವು. ಬಾಬಾ ಸಾಕಿದ್ದು ರೀಮ್ ಎಂಬ ಜಿಂಕೆಗಳನ್ನು. ಮರಳಿನದೇ ಬಣ್ಣ, ಬಿಳಿ ಹೊಟ್ಟೆ, ನಿಂತಲ್ಲಿ ನಿಂತರೆ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ವರ್ಷ ಅವು ಕೊಟ್ಟಿಗೆಯ ತೊಟ್ಟಿಯಲ್ಲಿ ಹಾಕಿದ್ದನ್ನು ತಿನ್ನುತ್ತಿದ್ದವು. ಇನ್ನು ಮೇಲೆ ಬಯಲಲ್ಲಿ ತಾವೇ ಮೇಯಬೇಕು, ಮರಿ ಹಾಕುವ ಹೊತ್ತಿಗೆ ತಾಯಂದಿರಿಗೆ ಹಸಿಮೇವು ಸಿಗಬೇಕು ಎಂಬುದು ಬಾಬಾ ಅವರ ಆಸೆ. ಅದಕ್ಕೆಂದು ಕೊಟ್ಟಿಗೆಯ ಪಕ್ಕದಲ್ಲಿ ಮೇವಿನ ತಾಕು ಮಾಡುವ ಗುತ್ತಿಗೆ ನಮ್ಮ ಕಂಪನಿಗೆ ಬಂದಿತ್ತು.

ಷರತ್ತು ಒಂದೇ. ಬಿಳಿ ಹರಳಿನ ಚೀಲ ಗೇಟು ದಾಟಬಾರದು. ಹಿಂದೊಮ್ಮೆ ಬೇರೆ ಯಾರೋ ಅಲ್ಲಿ ಹುಲ್ಲು ಬೆಳೆಸಲು ಹೋಗಿ ನೀರಿಗೆ ಯೂರಿಯಾ ಬೆರೆಸಿ ಬಿಟ್ಟಿದ್ದರಂತೆ. ಪೈಪು ಒಡೆದು ನಿಂತ ನೀರನ್ನು ಜಿಂಕೆಗಳು ಕುಡಿದವು. ನಡುಗುತ್ತ, ಹೊಟ್ಟೆ ಉಬ್ಬಿ, ಅಲ್ಲೇ ಬಿದ್ದವು. ಬಾಬಾ ಅವನ್ನು ಬೇಲಿಯ ಮೂಲೆಯ ಬೋರೆ ಮರದ ಕೆಳಗೆ ತಾವೇ ನಿಂತು ಹೂಳಿಸಿದ್ದರು. ಬಂದಾಗಲೆಲ್ಲ ಮೊದಲು ಹೋಗುತ್ತಿದ್ದುದು ಆ ಮರದ ಹತ್ತಿರವೇ.

ಯೂರಿಯಾ ಇಲ್ಲದೆ ಬೆಳೆದು ತೋರಿಸುತ್ತೇನೆ ಎಂದು ಮಾತು ಕೊಟ್ಟವರು ನಮ್ಮ ಸಾಹೇಬರು. ಬಾಗಲಕೋಟೆ ಕಡೆಯವರು, ಕುವೈತಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಮಗಳನ್ನು ಆಗಷ್ಟೇ ಕರೆಸಿಕೊಂಡಿದ್ದರು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಆಗಲೇ ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ಇಲ್ಲಿಯವಳಾಗಿದ್ದಳು. ಅರ್ದಿಯಾ ಆಫೀಸಿನ ಮ್ಯಾನೇಜರು ನಮ್ಮ ಕರಾವಳಿಯವರೇ. ಅವರು ನನ್ನೆದುರಲ್ಲೇ ಹೇಳಿದ್ದರು: "ನೋಡಿ ಎಂಜಿನಿಯರ್ರೇ, ಮುದುಕರು ಜಿಂಕೆ ಕೊಟ್ಟಿಗೆಯ ಗೇಟು ತೆಗೆಯಲಿಕ್ಕೆ ಬರುವ ದಿನ ಗದ್ದೆ ಹಸಿರು ಇರ್ಬೇಕು. ಇದ್ರೆ ನಿಮ್ಮ ಇಕಾಮಾ, ಇಲ್ಲಿಯ ವಾಸದ ಪರ್ಮಿಟ್ಟು, ಮುಂದುವರೀತದೆ. ಇಲ್ಲದಿದ್ರೆ ಊರಿಗೆ ಮೂರು ಟಿಕೆಟು ತೆಗೀಬೇಕಾಗ್ತದೆ, ನನ್ನನ್ನು ಬಯ್ಯಬೇಡಿ."

ಸಾಹೇಬರು, "ಆತ್ರೀ," ಎಂದರು. ಅಷ್ಟೇ.

ಅವರ ಕ್ರಮ ನಿಧಾನದ್ದು. ಕುರಿ ದೊಡ್ಡಿಗಳಿಂದ ಹಳೆಯ ಗೊಬ್ಬರವನ್ನೇ ಹುಡುಕಿ ತರಿಸಿದರು. ಮೂಗಿಗೆ ಹಿಡಿದರೆ ಮಣ್ಣಿನ ವಾಸನೆ ಬರಬೇಕು, ಕುರಿಯ ವಾಸನೆ ಬಂದರೆ ಲಾರಿ ವಾಪಸು. ಆ ಗೊಬ್ಬರದಲ್ಲೂ ಉಪ್ಪಿರುತ್ತದೆಂದು ಒಂದು ಹಿಡಿ ತೆಗೆದು ನೀರಿನಲ್ಲಿ ಕಲಸಿ, ಸೋಸಿ, ಮೀಟರು ಅದ್ದಿ ನೋಡುತ್ತಿದ್ದರು. ನಮ್ಮ ಬಾವಿ ನೀರೇ ಸವಳು. ಅದರ ಮೇಲೆ ಗೊಬ್ಬರದ ಉಪ್ಪೂ ಸೇರಿದರೆ ಬೇರು ನೀರು ಕುಡಿಯುವುದಿಲ್ಲ. ಮರಳಿನಲ್ಲಿ ಗೊಬ್ಬರವನ್ನು ತೆಳುವಾಗಿ ಬೆರೆಸಿ ಬಾರ್ಲಿಯನ್ನೂ ಕುದುರೆ ಮೆಂತೆಯನ್ನೂ ಜೊತೆಗೆ ಬಿತ್ತಿದರು. ಮೆಂತೆಯ ಬೇರಿನ ಗಂಟಿನಲ್ಲಿರುವ ಜೀವಾಣು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಆ ಜೀವಾಣು ಹೊಸ ಮರಳಿನಲ್ಲಿ ಇರುವುದಿಲ್ಲವೆಂದು ಹಳೆಯ ಮೆಂತೆ ಹೊಲದಿಂದ ಮಣ್ಣು ತಂದು ಬೀಜಕ್ಕೆ ಮೆತ್ತಿದೆವು. ಸುಲೈಬಿಯಾದ ಡೇರಿಯಿಂದ ಸಗಣಿ, ಗಂಜಲ ತಂದು ಡ್ರಮ್ಮಿನಲ್ಲಿ ಜೀವಾಮೃತವನ್ನೂ ಹಾಕಿದರು. ಬೆಲ್ಲದ ಬದಲು ಖರ್ಜೂರದ ಪಾಕ. ಕಡಲೆ ಹಿಟ್ಟು ಸಾಹೇಬರ ಮನೆಯ ಅಡಿಗೆಮನೆಯದು. ಅವತ್ತು ಅವರ ಮನೆಯಲ್ಲಿ ಆಗಬೇಕಿದ್ದ ಮಿರ್ಚಿ ಭಜಿಯನ್ನು ಬಾರ್ಲಿ ತಿಂದಿತು ಎಂದು ನಾನು ಅವರದೇ ದನಿಯಲ್ಲಿ ಹೇಳಿ ಕಾಕನನ್ನು ನಗಿಸಿದ್ದೆ.

ಕಾಕ ನಮ್ಮ ಕಡೆಯ ಬ್ಯಾರಿ. ನಾನು ಹುಟ್ಟುವ ಮೊದಲಿನಿಂದ ಕುವೈತಿನಲ್ಲಿ ಗಾಡಿ ಓಡಿಸುತ್ತಿರುವವರು. ಬ್ಯಾರಿಗಳಲ್ಲಿ ಹಿರಿಯರನ್ನು ನಾವು ಕಾಕ ಎನ್ನುವುದುಂಟು. ಸಾಹೇಬರ ಊರಿನಲ್ಲಿ ಚಿಕ್ಕಪ್ಪನಿಗೆ ಕಾಕಾ ಎನ್ನುತ್ತಾರೆ. ಹೀಗಾಗಿ ಅವರು ಇಬ್ಬರಿಗೂ ಕಾಕನೇ ಆದರು.

ಆದರೆ ಎಲ್ಲ ಪದಗಳೂ ಹೀಗೆ ಹೊಂದಿಕೊಳ್ಳುವುದಿಲ್ಲ. ಖಲಾಸ್ ಎಂಬ ಪದ ಕುವೈತಿನ ಗಾಳಿಯಲ್ಲೇ ಇದೆ. ಇಲ್ಲಿ ಯಾರಾದರೂ ಖಲಾಸ್ ಎಂದರೆ ಸಾಕು, ನಿಲ್ಲಿಸು, ಆ ಮಾತು ಬಿಡು ಎಂದು. ಸಾಹೇಬರ ಊರಿನಲ್ಲೂ ಅದೇ ಪದ ಇದೆ, ಅರ್ಥ ಮಾತ್ರ ಬೇರೆ. ಅಲ್ಲಿ ಖಲಾಸ್ ಮಾಡುವುದೆಂದರೆ ಇದ್ದದ್ದನ್ನೆಲ್ಲ ಮುಗಿಸಿ ಬರಿದು ಮಾಡುವುದು. "ಕಾಕಾ, ಈ ಡೀಸೆಲ್ ಖಲಾಸ್ ಮಾಡ್ರಿ, ಆಮ್ಯಾಲ ಹೊಸಾದು ಹಾಕೋಣು," ಎನ್ನುವರು. ಊಟಕ್ಕೆ ಕೂತಾಗ, "ಪಲ್ಯಾ ಉಳಸಬ್ಯಾಡ್ರಿ, ಖಲಾಸ್," ಎನ್ನುವರು. ಮೊದಮೊದಲು ಕಾಕ ಚಮಚ ಕೆಳಗಿಡುತ್ತಿದ್ದರು. ಆಮೇಲೆ ರೂಢಿಯಾಯಿತು: ಬಾಬಾ ಖಲಾಸ್ ಎಂದರೆ ನಿಲ್ಲಿಸುವುದು, ಸಾಹೇಬರು ಖಲಾಸ್ ಎಂದರೆ ಮುಗಿಸುವುದು.

ಬಾರ್ಲಿ ಗೇಣುದ್ದ ಬಂದಿತ್ತು. ಕಾಕ ಆಗಾಗ ಹಳೆಯ ಕುರಿಗೊಬ್ಬರವನ್ನು ಸ್ಪ್ರೆಡರಿಗೆ ತುಂಬಿ ಪೈರಿನ ಮೇಲೆ ತೆಳುವಾಗಿ ಉದುರಿಸಿ, ನಂತರ ಸ್ಪ್ರಿಂಕ್ಲರ್ ಬಿಡುತ್ತಿದ್ದರು. ಅಷ್ಟರಲ್ಲಿ ಕೋಳಿ ಫಾರಮ್ಮಿನಿಂದ ಒಂದು ಲೋಡು ಗೊಬ್ಬರ ಬಂತು. ಇನ್ನೂ ಹಸಿ, ಹತ್ತಿರ ಹೋದರೆ ಕಣ್ಣುರಿ. ಅದನ್ನು ಒಣ ಖರ್ಜೂರದ ಗರಿ, ಮರದ ಹೊಟ್ಟಿನೊಂದಿಗೆ ಗುಡ್ಡೆ ಹಾಕಿ ಕೊಳೆಸಿ ಮುಂದಿನ ಹಂಗಾಮಿಗೆ ಬಳಸುವುದು ಸಾಹೇಬರ ಲೆಕ್ಕ. ಆ ದಿನ ಅವರು ಮಗಳ ಶಾಲೆಯ ಕೆಲಸಕ್ಕೆ ನಗರಕ್ಕೆ ಹೊರಟಿದ್ದರು. ಕಾರು ಹತ್ತುವಾಗ ನನಗೆ ಹೇಳಿದರು: "ತಮ್ಮಾ, ಆ ಕೋಳಿಗೊಬ್ಬರ ಮುಟ್ಟಬ್ಯಾಡ್ರಿ ಅಂತ ಕಾಕಾಗ ಹೇಳು. ಸ್ಪ್ರಿಂಕ್ಲರ್ ಪೈಪ್ ಒಂದು ಸೋರಾಕತ್ತೈತಿ, ಅದನ್ನ ನೋಡ್ಲಿ."

ಎದ್ದು ಹೋಗಿ ಹೇಳಬಹುದಿತ್ತು. ಕಾಕ ತಾಕಿನ ಆ ತುದಿಯಲ್ಲಿದ್ದರು. ನಾನು ಕ್ಯಾಬಿನ್ನಿನಲ್ಲಿ, ಎಸಿಯ ಬಾಯಿಗೆ ಬೆನ್ನು ಕೊಟ್ಟು. ಕ್ಯಾಬಿನ್ನಿನಲ್ಲಿದ್ದ ಸೈಟಿನ ಫೋನು ಒಂದೇ, ಅದರಿಂದ ಸಾಹೇಬರೂ ಮಾತಾಡುತ್ತಿದ್ದರು, ನಾನೂ. ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದೆ: "ಕಾಕಾ, ಆ ಕೋಳಿಗೊಬ್ಬರ ಇವತ್ತ ಖಲಾಸ್ ರೀ. ಆಮ್ಯಾಲ ಪೈಪ್ ನೋಡ್ರಿ. ತಿಳೀತಿಲ್ಲೋ?"

ಕೊನೆಯ 'ತಿಳೀತಿಲ್ಲೋ'ದಲ್ಲಿ ಸಾಹೇಬರು ಎಳೆಯುವಷ್ಟೇ ಎಳೆದಿದ್ದೆ. ಕಳಿಸಿದ ಮೇಲೆ ನಾನೇ ಎರಡು ಸಲ ಕೇಳಿ ಮೆಚ್ಚಿಕೊಂಡೆ. ನಂತರ ಲಾರಿ ಹತ್ತಿ ಅರ್ದಿಯಾಕ್ಕೆ ಹೊರಟುಹೋದೆ.

ಮಾರನೆ ಬೆಳಿಗ್ಗೆ ಸಾಹೇಬರೊಂದಿಗೆ ಸೈಟಿಗೆ ಬಂದಾಗ ಗೇಟಿನ ಹೊರಗೇ ಕೋಳಿಗೊಬ್ಬರದ ಘಾಟು ಮೂಗಿಗೆ ಬಡಿಯಿತು. ಸಾಹೇಬರು ಕಾರಿನ ಬಾಗಿಲು ಹಾಕದೆ ಓಡಿದರು. ತಾಕಿನ ಪೂರ್ವದ ಅರ್ಧ ಕಂದು ಬಣ್ಣವಾಗಿತ್ತು. ಬಾರ್ಲಿಯ ತುದಿಗಳು ಬಿಸಿ ಬಾಣಲೆಗೆ ತಾಗಿದಂತೆ ಮುರುಟಿ ಬೆಳ್ಳಗಾಗಿದ್ದವು. ಅವರು ಮಂಡಿಯೂರಿ ಒಂದು ಗಿಡ ಕಿತ್ತು ಬೇರು ನೋಡಿದರು. ಬಿಳಿ ಇರಬೇಕಾದ ಬೇರು ಚಹಾ ಬಣ್ಣಕ್ಕೆ ತಿರುಗಿತ್ತು. ತಂತಿಯಾಚೆ ಜಿಂಕೆಗಳು ಗಾಳಿಗೆ ಬೆನ್ನು ಮಾಡಿ, ಕೊಟ್ಟಿಗೆಯ ದೂರದ ಮೂಲೆಯಲ್ಲಿ ಒತ್ತಾಗಿ ನಿಂತಿದ್ದವು.

ಕಾಕ ಟ್ರ್ಯಾಕ್ಟರಿನಿಂದ ಇಳಿದು ಖುಷಿಯಿಂದಲೇ ಬಂದರು. "ಸಾಹೇಬ್ರೆ, ನೀವು ಹೇಳಿದ ಹಾಗೆ ಖಲಾಸ್ ಮಾಡಿದ್ದೇನೆ. ಒಂದು ಬುಟ್ಟಿ ಉಳಿಸ್ಲಿಲ್ಲ. ಅರ್ಧಕ್ಕೆ ಆಯ್ತು, ಇನ್ನರ್ಧಕ್ಕೆ ಮತ್ತೊಂದು ಲೋಡು ಬೇಕು."

"ನಾ ಹೇಳಿದ್ನೇ?"

"ಹೌದಲ್ವಾ. ಇಲ್ಲುಂಟಲ್ಲ," ಎಂದು ಕಾಕ ಫೋನು ತೆಗೆದು ಹಚ್ಚಿದರು.

ಆ ಬಯಲಿನಲ್ಲಿ ಸಾಹೇಬರ ದನಿ ಕೇಳಿತು. ಸಾಹೇಬರೂ ಕೇಳಿದರು. ಮತ್ತೊಮ್ಮೆ ಹಚ್ಚಿ ಎಂದು ಕೈ ಮಾಡಿದರು. ಎರಡನೆಯ ಸಲ 'ತಿಳೀತಿಲ್ಲೋ' ಬಂದಾಗ ಅವರು ಫೋನಿನ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಕಾಕನಿಗೂ ಅರ್ಥವಾಯಿತು.

"ಸಾಕು, ನಿಲ್ಲಿಸಿ ಅನ್ನುವ ಅರ್ಥದಲ್ಲಿ ಹೇಳಿದ್ದು ಸಾರ್. ಇಲ್ಲಿಯವರು ಹೇಳ್ತಾರಲ್ಲ, ಹಾಗೆ," ಎಂದೆ. ನನ್ನ ದನಿ ಯಾರ ದನಿಯಂತೆಯೂ ಇರಲಿಲ್ಲ.

ಸಾಹೇಬರು ಕಿತ್ತ ಗಿಡವನ್ನು ಕೈಯಲ್ಲೇ ಹಿಡಿದಿದ್ದರು. "ಗಂಟಲಾ ನಂದು ತೊಗೊಂಡಿ. ಅರ್ಥಾನೂ ನಂದs ತೊಗೋಬೇಕಿತ್ತಪಾ," ಎಂದರು.

ಬಯ್ದಿದ್ದರೆ ಬಯ್ಗುಳವನ್ನಾದರೂ ಅನುಕರಿಸಬಹುದಿತ್ತು.

ಮೊದಲು ನೀರು ನಿಲ್ಲಿಸಿದೆವು. ಗೊಬ್ಬರ ಇನ್ನೂ ಕೆಳಗಿಳಿಯದಂತೆ ಮೇಲಿಂದ ಮೇಲೆ ಕೆರೆದು ತೆಗೆಯಬೇಕಿತ್ತು. ಟ್ರ್ಯಾಕ್ಟರು ಇಳಿಸಿದರೆ ಚಕ್ರದಡಿ ಗೊಬ್ಬರ ಮರಳಿನೊಳಗೆ ಹೂತುಹೋಗುತ್ತದೆ, ಹಾಗಾಗಿ ಕೈಯಲ್ಲೇ. ಮುಖಕ್ಕೆ ಬಟ್ಟೆ ಕಟ್ಟಿ, ಕುಂಟೆಯಂಥ ರೇಕು ಹಿಡಿದು ಮೂವರೂ ಸಾಲು ಸಾಲಾಗಿ ಎಳೆದೆವು. ಬಾರ್ಲಿ ಬುಡ ಕಿತ್ತುಬರದ ಹಾಗೆ ಎಳೆಯುವುದು ತಲೆ ಬಾಚಿದಷ್ಟು ನಾಜೂಕು. ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಿನಿಂದ ಧಾರಾಳ ನೀರು ಬರುತ್ತಿತ್ತು. ಅಮೋನಿಯಾ ಎಂದು ಹೇಳಿಕೊಂಡೆ, ಬಹುಪಾಲು ಅಮೋನಿಯಾವೇ.

ಸಂಜೆ ನೀರಿನ ಡ್ರಮ್ಮಿನ ಹತ್ತಿರ ಕೈ ತೊಳೆಯುವಾಗ ಕಾಕ ಹೇಳಿದರು: "ನೀನು ನನ್ನ ದನಿ ಮಾಡಿದ್ದಿ, ನಾನು ನಗಾಡಿದ್ದೇನೆ. ಮ್ಯಾನೇಜರ್ದು ಮಾಡಿದ್ದಿ, ನಗಾಡಿದ್ದೇನೆ. ಇದು ಅವರ ದನಿ ಅಂತ ನಂಬಿ ಕೆಲಸ ಮಾಡಿದೆ ಮಾರಾಯ. ಇನ್ನು ನಿಜವಾಗಿ ಅವರು ಹೇಳಿದ್ರೂ ನಂಗೆ ಒಂದು ಗಳಿಗೆ ಸಂಶಯ ಬರ್ತದೆ. ಅದನ್ನು ಎಂತದರಲ್ಲಿ ತೊಳೆಯುದು?"

ಕೆರೆದ ಗೊಬ್ಬರವನ್ನು ವಾಸನೆ ಜಿಂಕೆಗಳತ್ತ ಬೀಸದ ದಿಕ್ಕಿಗೆ ದೂರದಲ್ಲಿ ಗರಿ, ಹೊಟ್ಟಿನೊಂದಿಗೆ ಗುಡ್ಡೆ ಹಾಕಿದೆವು. ಅದರೊಳಗೆ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿ ನೋಡುವುದು ನನ್ನ ಪಾಲಿಗೆ ಬಂತು. ಕೈಯಲ್ಲಿ ಹಿಡಿಯಲಾಗದಷ್ಟು ಕಾದಿದ್ದರೆ ಗುಡ್ಡೆ ಬೇಯುತ್ತಿದೆ ಎಂದರ್ಥ. ತಣ್ಣಗಾದರೆ ಮಗುಚಿ ನೀರು ಚಿಮುಕಿಸಬೇಕು. ತಾಕಿಗೆ ಟ್ಯಾಂಕರಿನಲ್ಲಿ ಸಿಹಿನೀರು ತರಿಸಿ ಬೆಳಗಿನ ತಂಪಿನಲ್ಲಿ ಬಿಟ್ಟೆವು. ಬಾವಿ ನೀರಲ್ಲಿ ಉಪ್ಪು ತೊಳೆಯಲು ಹೋಗುವುದು ಕೆಸರಿನಲ್ಲಿ ಕಾಲು ತೊಳೆದಂತೆ. ಪ್ರತಿ ಸಲ ನೀರು ಇಂಗಿದ ಮೇಲೆ ಸಾಹೇಬರು ಬೇರಿನ ಆಳದ ಮರಳು ತೆಗೆದು ಮೀಟರು ಅದ್ದುವರು. ಮುಳ್ಳು ನಿಧಾನವಾಗಿ ಇಳಿಯಿತು. ಸತ್ತ ಬಾರ್ಲಿ ಸತ್ತಿತು. ಬದುಕಿದ್ದು ಬುಡದಿಂದ ಹೊಸ ಎಲೆ ಹಾಕಿತು.

ನಾನು ಬಚಾವಾದೆ ಎಂದುಕೊಂಡೆ. ನಿಜವಾದ ಕಷ್ಟ ಶುರುವಾದದ್ದು ಆ ಹೊಸ ಎಲೆಯಿಂದಲೇ.

ಕೆಲವು ವಾರಗಳಲ್ಲಿ ಪೂರ್ವದ ಅರ್ಧ ಉಕ್ಕಿ ಬಂತು. ಕಡು ಹಸಿರು, ಹೆಚ್ಚುಕಡಿಮೆ ನೀಲಿಗೆ ತಿರುಗುವಷ್ಟು, ಅಗಲ ಎಲೆ. ಪಕ್ಕದ ಪಶ್ಚಿಮದ ಅರ್ಧ, ಅಂದರೆ ಕುರಿಗೊಬ್ಬರ ಮತ್ತು ಖರ್ಜೂರದ ಜೀವಾಮೃತ ಕುಡಿದು ಬೆಳೆದದ್ದು, ಅದರೆದುರು ಬಡಕಲು ಹುಡುಗನಂತಿತ್ತು. ತಿಳಿ ಹಸಿರು, ನಡುನಡುವೆ ಮರಳು ಕಾಣುವಷ್ಟು ತೆಳು. ಮ್ಯಾನೇಜರು ಬಂದು ಪೂರ್ವದ ಬದಿಗೆ ನಿಂತು ಫೋಟೋ ತೆಗೆಸಿಕೊಂಡು ಬಾಬಾಗೆ ಕಳಿಸಿಯೂ ಬಿಟ್ಟರು. "ಎಂತ ಬೆಳೆ ಮಾರಾಯ್ರೆ. ಇವನ ತಪ್ಪಿನಿಂದ್ಲೇ ಒಳ್ಳೇದಾಯ್ತು ಕಾಣ್ತದೆ," ಎಂದು ನನ್ನ ಬೆನ್ನು ತಟ್ಟಿದರು. ನಾನೂ ತುಸು ಉಬ್ಬಿದೆ. ಸುಳ್ಳೇಕೆ.

ಸಾಹೇಬರು ಮಾತ್ರ ಆ ಹಸಿರಿನೆದುರು ಕೂತು ಎದ್ದೇಳಲಿಲ್ಲ. "ನಮ್ಮ ಕಡೆ ಎಳೀ ಜ್ವಾಳದ ಕುಳೆ ತಿಂದು ದನಾ ಸಾಯ್ತಾವ," ಎಂದರು. "ಅದು ಬ್ಯಾರೆ ವಿಷ, ಇದು ಬ್ಯಾರೆ. ಆದ್ರ ಕಣ್ಣಿಗೆ ಎರಡೂ ಹಸರs ಕಾಣ್ತಾವ ತಮ್ಮಾ."

ಬಾರ್ಲಿಯ ಬುಡದ ಕಾಂಡ ಕತ್ತರಿಸಿ, ಜಜ್ಜಿ, ಹಿಂಡಿದ ರಸವನ್ನು ನೀರಿನಲ್ಲಿ ತೆಳು ಮಾಡಿ ನೈಟ್ರೇಟ್ ನೋಡುವ ಪಟ್ಟಿ ಅದ್ದಿದರು. ಪಶ್ಚಿಮದ ರಸಕ್ಕೆ ಪಟ್ಟಿ ಮಸುಕು ಗುಲಾಬಿಯಾಯಿತು. ಪೂರ್ವದ್ದಕ್ಕೆ ಅದ್ದಿ ತೆಗೆಯುವಷ್ಟರಲ್ಲಿ ನೇರಳೆ ಹಣ್ಣಿನ ಬಣ್ಣ. ಅವರು ನನಗೆ ಬಿಡಿಸಿ ಹೇಳಿದರು: ಸುಟ್ಟ ಬೇರಿನ ಗಿಡ ಚೇತರಿಸಿಕೊಳ್ಳುವಾಗ ಸಿಕ್ಕಿದ ಸಾರಜನಕವನ್ನೆಲ್ಲ ಎಳೆದುಕೊಂಡು ಕಾಂಡದಲ್ಲಿ ಕೂಡಿಟ್ಟಿದೆ, ಅರಗಿಸಿಕೊಂಡಿಲ್ಲ. ಮೆಲುಕು ಹಾಕುವ ಪ್ರಾಣಿ ಇದನ್ನು ತಿಂದರೆ ಹೊಟ್ಟೆಯಲ್ಲಿ ಅದು ಬೇರೆ ರೂಪ ತಾಳಿ ರಕ್ತಕ್ಕೆ ಸೇರುತ್ತದೆ; ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಹೊರುವುದನ್ನು ಬಿಡುತ್ತದೆ. ಗರ್ಭದ ಮರಿ ಮೊದಲು ಹೋಗುತ್ತದೆ. ಪಶುವೈದ್ಯರ ಲ್ಯಾಬಿಗೆ ಕಳಿಸಿದ ಬಾರ್ಲಿ ಕಟ್ಟಿನ ವರದಿಯೂ ಇದನ್ನೇ ಹೇಳಿತು.

ಯೂರಿಯಾ ಚೀಲ ಗೇಟು ದಾಟಿರಲಿಲ್ಲ. ಅದೇ ಸಾವು ನನ್ನ ಗಂಟಲಿನ ದಾರಿಯಲ್ಲಿ ಒಳಗೆ ಬಂದಿತ್ತು.

ಮ್ಯಾನೇಜರು ಫೋನಿನಲ್ಲಿ ನಕ್ಕರು. "ಎಂಜಿನಿಯರ್ರೇ, ಅವರು ಹಸಿರು ಕೇಳಿದ್ರು, ನಾವು ಹಸಿರು ಕೊಟ್ಟೆವು. ಸ್ವಲ್ಪ ಸ್ವಲ್ಪ ಮೇಯಲಿಕ್ಕೆ ಬಿಡಿ, ಎಂತ ಆಗುದಿಲ್ಲ."

"ಆಗ್ತದ್ರಿ. ಆ ಅರ್ಧಕ್ಕ ಬೇಲಿ ಹಾಕ್ತೀನ್ರಿ."

"ಫೋಟೋ ಕಳಿಸಿದ್ದು ಆ ಬದಿಯದ್ದು. ಮುದುಕರು ಬಂದು ಆ ಬದಿಗೇ ಬೇಲಿ ನೋಡಿದ್ರೆ ಎಂತ ಹೇಳ್ತೀರಿ?"

"ಇದ್ದದ್ದು ಹೇಳ್ತೀನ್ರಿ."

"ನಿಮ್ಮ ಅರಬ್ಬಿಯಲ್ಲಿ?" ಎಂದು ಮ್ಯಾನೇಜರು ಕೇಳಿದರು. ಸಾಹೇಬರ ಅರಬ್ಬಿ ಸಲಾಮು ದಾಟಿ ಹೆಚ್ಚು ದೂರ ಹೋಗುತ್ತಿರಲಿಲ್ಲ. "ಹೇಗೂ ಇಕಾಮಾ ಮುಗೀತಾ ಬಂತು. ನಿಮ್ಮಿಷ್ಟ."

ಫೋನು ಇಟ್ಟ ಮೇಲೆ ಸಾಹೇಬರು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತರು. ಅವರ ಚೀಲದಲ್ಲಿ ಮಗಳ ಹೊಸ ಶಾಲೆಯ ಟೈ ಇತ್ತು. ಹೊಲಿಗೆ ಬಿಚ್ಚಿದೆ, ಹೊಲಿಸಿಕೊಂಡು ಬಾ ಎಂದು ಹೆಂಡತಿ ಕೊಟ್ಟಿದ್ದಂತೆ. ಅದನ್ನು ತೆಗೆದು ಮಡಚಿ ಮತ್ತೆ ಒಳಗಿಟ್ಟರು. ಆಮೇಲೆ ಎದ್ದು ಹೇಳಿದರು: "ಕಾಕಾ, ಗೂಟಾ ತರ್ರಿ. ತಂತಿನೂ ತರ್ರಿ. ಚಲೋ ಕಾಣೋ ಅರ್ಧಕ್ಕ ಬೇಲಿ ಹಾಕೋಣು."

ಕಾಕ ಅಲ್ಲಾಡಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೇನೆಂದು ಖಾತ್ರಿಯಾದ ಮೇಲೆ ಗೂಟ ತರಲು ಹೋದರು.

ಬೇಲಿ ಹಾಕಿದೆವು. ಉಳಿದ ಅರ್ಧಕ್ಕೆ ಡ್ರಮ್ಮಿನ ಜೀವಾಮೃತವನ್ನು ಸೋಸಿ ನೀರಿನೊಂದಿಗೆ ಬಿಡುತ್ತ, ಕುರಿಗೊಬ್ಬರವನ್ನು ಇನ್ನೂ ತೆಳುವಾಗಿ ಉದುರಿಸುತ್ತ ಹೋದೆವು. ಕುದುರೆ ಮೆಂತೆಯ ಬೇರು ಕಿತ್ತು ನೋಡಿದಾಗ ಸಣ್ಣ ಗಂಟುಗಳು ಸಿಕ್ಕವು. ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ. ಅದು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಸಾಹೇಬರು ಅಂಗೈ ಮೇಲೆ ಆ ಗಂಟು ಇಟ್ಟುಕೊಂಡು ಕಾಕನಿಗೂ ತೋರಿಸಿದರು. ಬಣ್ಣ ಸ್ವಲ್ಪ ಗಟ್ಟಿಯಾಯಿತು. ಆದರೂ ಫೋಟೋಕ್ಕೆ ಆಗುವಂಥದ್ದಲ್ಲ. ಹೆಣ್ಣು ಜಿಂಕೆಗಳ ಹೊಟ್ಟೆ ತುಂಬುತ್ತ ಬಂದಿತ್ತು, ಇನ್ನು ಕಾಯುವಂತಿರಲಿಲ್ಲ.

ಬಾಬಾ ಬಂದರು. ಎಂದಿನಂತೆ ಮೊದಲು ಬೋರೆ ಮರದ ಹತ್ತಿರ ಹೋಗಿ ನಿಂತು, ಕೋಲೂರಿಕೊಂಡು ತಾಕಿನ ಕಡೆ ತಿರುಗಿದರು. ಹಿಂದೆ ಮ್ಯಾನೇಜರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಬಾಬಾ ಕಡು ಹಸಿರನ್ನು ನೋಡಿದರು, ಅದರ ಸುತ್ತಲಿನ ತಂತಿಯನ್ನು ನೋಡಿದರು, ಪಕ್ಕದ ತಿಳಿ ಹಸಿರನ್ನು ನೋಡಿದರು.

"ಒಳ್ಳೆಯದಕ್ಕೆ ಬೀಗ ಹಾಕಿ ಬಡವರದ್ದನ್ನು ಬಡಿಸುತ್ತೀರಾ?" ಎಂದು ಅರಬ್ಬಿಯಲ್ಲಿ ಕೇಳಿದರು.

ಸಾಹೇಬರು ನನ್ನ ಕಡೆ ತಿರುಗಿದರು. "ನಾ ಹೇಳಿದ್ದು ಹೇಳಿದ್ಹಂಗs ಹೇಳು. ಏನೂ ಕೂಡಿಸಬ್ಯಾಡ." ನಂತರ ನಿಧಾನವಾಗಿ ಶುರುಮಾಡಿದರು. ಹಸಿ ಕೋಳಿಗೊಬ್ಬರ ಬಿದ್ದದ್ದು, ಬೇರು ಸುಟ್ಟದ್ದು, ತೊಳೆದದ್ದು, ಹಸಿರಿನ ಒಳಗೆ ವಿಷ ಕೂತದ್ದು. ನಾನು ಒಂದೊಂದನ್ನೂ ಅರಬ್ಬಿಗೆ ತಿರುಗಿಸಿದೆ, ಯಾರ ಹಾಗೂ ಅಲ್ಲದೆ, ತಡವರಿಸುತ್ತ. ಕೊನೆಗೆ ಅವರು, "ತಪ್ಪು ನಮ್ಮ ಕಡಿಂದ ಆಗೇದ. ಜವಾಬ್ದಾರಿ ನಂದು," ಎಂದರು.

ಅದನ್ನು ನಾನು ತಿರುಗಿಸಲಿಲ್ಲ. "ಬಾಬಾ, ಮುಹಂದಿಸ್, ಈ ಎಂಜಿನಿಯರ್ ಸಾಹೇಬರು, ಹಾಕಬೇಡ ಎಂದಿದ್ದರು. ನಾನು ಅವರ ದನಿ ಮಾಡಿ ಹೇಳಿದೆ. ಕಾಕ ನಂಬಿದರು," ಎಂದೆ. ಅರಬ್ಬಿ ಅರಿಯುವ ಕಾಕ ನೆಲ ನೋಡಿದರು. ಏನೋ ಕೂಡಿಸಿದ್ದೇನೆಂದು ಸಾಹೇಬರಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಬಾಬಾ ಕೋಲಿನ ತುದಿಯನ್ನು ನನ್ನ ಎದೆಯ ಕಡೆ ಎತ್ತಿದರು. "ಮಾಡಿ ತೋರಿಸು."

ಜೀವಮಾನದಲ್ಲಿ ಮೊದಲ ಸಲ ಒಬ್ಬರ ದನಿ ಮಾಡಲು ನನಗೆ ಮನಸ್ಸಿರಲಿಲ್ಲ. ಮಾಡಿದೆ. "ಕಾಕಾ, ಆ ಕೋಳಿಗೊಬ್ಬರ ಇವತ್ತ ಖಲಾಸ್ ರೀ." ಯಾರೂ ನಗಲಿಲ್ಲ. ಅದರಲ್ಲಿ ಬಾಬಾಗೆ ಗೊತ್ತಿದ್ದ ಪದ ಒಂದೇ. ಖಲಾಸ್ ಎಂದರೆ ಇವರ ಊರಿನಲ್ಲಿ ಬರಿದು ಮಾಡು ಎಂದು ಅರ್ಥ, ಅದಕ್ಕೇ ಹೀಗಾಯಿತು ಎಂದು ಕಾಕ ಮುರುಕು ಅರಬ್ಬಿಯಲ್ಲಿ ವಿವರಿಸಿದರು.

ಬಾಬಾ ಹೋಗಿ ತಂತಿಯೊಳಗೆ ಕೈ ಹಾಕಿ ಒಂದು ಕಡು ಹಸಿರು ಎಲೆ ಕಿತ್ತರು. ಬೆರಳುಗಳ ನಡುವೆ ಹಿಸುಕಿದರು. ಮತ್ತೆ ಬೋರೆ ಮರದ ಕಡೆ ನೋಡಿದರು. ಮ್ಯಾನೇಜರು ಮುಂದೆ ಬಂದು, ಈ ಎಂಜಿನಿಯರನ್ನು ಬದಲಾಯಿಸುತ್ತೇವೆ, ಬೇರೆಯವರನ್ನು ಹಾಕುತ್ತೇವೆ ಎಂದು ಹೇಳತೊಡಗಿದರು. ಬಾಬಾ ಎಲೆಯನ್ನು ಬೇಲಿಯ ಒಳಗೇ ಎಸೆದು ಕೈ ಒರೆಸಿಕೊಂಡು ಅಂದರು:

"ಖಲಾಸ್."

ಆ ಪದ ಬಿದ್ದ ಕೂಡಲೇ ಸಾಹೇಬರು ನನ್ನ ಹತ್ತಿರ ಸರಿದರು. ಅವರು ಅದನ್ನು ಬಾಗಲಕೋಟೆಯ ಕಿವಿಯಲ್ಲಿ ಕೇಳಿದ್ದರು. "ಆತೇನೋ ತಮ್ಮಾ?" ಎಂದು ಸಣ್ಣಗೆ ನನ್ನನ್ನು ಕೇಳಿದರು. ಈ ಪದದ ಎರಡೂ ಅರ್ಥ ನನಗೆ ಗೊತ್ತಿದ್ದವು. ಮ್ಯಾನೇಜರು ಆಗಲೇ ತಲೆಯಾಡಿಸುತ್ತಿದ್ದರು. ಇನ್ನೊಮ್ಮೆ ಊಹಿಸುವ ಧೈರ್ಯ ನನಗಿರಲಿಲ್ಲ.

"ಬಾಬಾ," ಎಂದೆ, "ಯಾವ ಖಲಾಸ್? ನಿಮ್ಮದೋ, ಇವರ ಊರಿನದೋ?"

ಬಾಬಾ ಮ್ಯಾನೇಜರನ್ನು ನೋಡಿದರು, ಸಾಹೇಬರನ್ನು ನೋಡಿದರು, ಕೊನೆಗೆ ಕೋಲಿನಿಂದ ಕೊಟ್ಟಿಗೆಯ ಕಡೆ ತೋರಿಸಿದರು. ಅಲ್ಲಿ ಹೊಟ್ಟೆ ಭಾರವಾದ ಒಂದು ಜಿಂಕೆ ತಂತಿಗೆ ಮೂಗು ಒತ್ತಿ ತಿಳಿ ಹಸಿರಿನ ವಾಸನೆ ಹಿಡಿಯುತ್ತಿತ್ತು.

"ಮಾತು ಖಲಾಸ್ ಅಂದೆ. ಮನುಷ್ಯ ಖಲಾಸ್ ಅಂದೆನೇ? ಹೋಗು, ಗೇಟು ತೆಗೆ."